ಅಟಕಾಮಾದ ಎತ್ತರದಲ್ಲಿ ಧೂಳನ್ನು ನೋಡುವ ಕೆಲಸ

"ಅಷ್ಟು ದೊಡ್ಡ ದೂರದರ್ಶಕದಲ್ಲಿ ಏನು ನೋಡುತ್ತೀಯಪ್ಪಾ?" ಎಂದು ಸೋದರತ್ತೆ ಫೋನಿನಲ್ಲಿ ಕೇಳುತ್ತಾರೆ. ಧೂಳು ನೋಡುತ್ತೇವೆ ಎಂದರೆ ನಂಬುವುದಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲಸ ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾದಲ್ಲಿ, ಅಂದರೆ ಹಲವು ಆಂಟೆನಾಗಳು ಸೇರಿ ಒಂದೇ ದೂರದರ್ಶಕದಂತೆ ನೋಡುವ ವೀಕ್ಷಣಾಲಯದಲ್ಲಿ.

ಊರಿನಲ್ಲಿ ದಕ್ಷಿಣಕ್ಕೆ ವಾಲಿ ಕಾಣುವ ಆಕಾಶಗಂಗೆಯ ನಡುಭಾಗ ಚಿಲಿಯ ಈ ಮರುಭೂಮಿಯಲ್ಲಿ ಜೂನ್, ಜುಲೈ ರಾತ್ರಿಗಳಲ್ಲಿ ನೆತ್ತಿಯ ಮೇಲೇ ಬರುತ್ತದೆ. ಅದನ್ನು ಸೀಳುವ ಕಪ್ಪು ಪಟ್ಟೆಗಳಲ್ಲಿ ಆಂಡೀಸ್‌ನ ಜನ ಹಿಂದಿನಿಂದಲೂ ಲಾಮಾ, ನರಿ, ಕಪ್ಪೆಗಳನ್ನು ಗುರುತಿಸಿದ್ದಾರೆ. ಆ ಕಪ್ಪೆಲ್ಲ ಹಿಂದಿನ ನಕ್ಷತ್ರಗಳನ್ನು ಮರೆಮಾಡಿದ ಧೂಳು. ಸಿಲಿಕೇಟ್ ಮತ್ತು ಇಂಗಾಲದ ಚೂರುಗಳು. ಒಂದೊಂದರ ಗಾತ್ರ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು.

ದೂರದ ಗ್ಯಾಲಕ್ಸಿಗಳಲ್ಲೂ ಇದೇ ಧೂಳಿದೆ. ಗೋಧೂಳಿಯ ಸೂರ್ಯನಂತೆ ಅವುಗಳ ಬೆಳಕೂ ಮಂಕಾಗಿ, ಕೆಂಪಾಗಿ ಬರುತ್ತದೆ. ಕೆಂಪು ಬಣ್ಣ ಮುದಿ ನಕ್ಷತ್ರಗಳ ಗುರುತೂ ಹೌದಾದ್ದರಿಂದ, ಹೊಸ ನಕ್ಷತ್ರಗಳನ್ನು ಭರದಿಂದ ಹೆರುತ್ತಿರುವ ಗ್ಯಾಲಕ್ಸಿ ಮುದಿಯಾದಂತೆ ಕಾಣಿಸಬಹುದು, ಪೂರ್ತಿ ಮರೆಯಾಗಲೂಬಹುದು. 1995ರಲ್ಲಿ ಹಬಲ್ ದೂರದರ್ಶಕ ಸಪ್ತರ್ಷಿ ಮಂಡಲದ ಒಂದು ಚುಕ್ಕೆಯಷ್ಟು ಜಾಗವನ್ನು ಹತ್ತು ದಿನ ದಿಟ್ಟಿಸಿತು. ಮೂರು ವರ್ಷದ ನಂತರ ಹವಾಯಿಯ ದೂರದರ್ಶಕವೊಂದು ಮಿಲಿಮೀಟರಿಗಿಂತ ತುಸು ಕಿರಿದಾದ ತರಂಗಗಳಲ್ಲಿ ಅದೇ ಜಾಗವನ್ನು ನೋಡಿದಾಗ, ಅಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಹೊಳೆದ ಗ್ಯಾಲಕ್ಸಿ ಹಬಲ್ ಚಿತ್ರದಲ್ಲಿ ಇರಲೇ ಇಲ್ಲ! ಅದರ ದೂರ ತಿಳಿದದ್ದು 2012ರಲ್ಲಿ: ಬೆಳಕು ಹೊರಟು ಸುಮಾರು 1,250 ಕೋಟಿ ವರ್ಷಗಳಾಗಿವೆ. ಆಕಾಶಗಂಗೆಗಿಂತ ನೂರಾರು ಪಟ್ಟು ವೇಗವಾಗಿ ಅಲ್ಲಿ ನಕ್ಷತ್ರಗಳು ಹುಟ್ಟುತ್ತಿದ್ದವು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನುಂಗಿದ ಬೆಳಕನ್ನು ಧೂಳು ಉಳಿಸಿಕೊಳ್ಳುವುದಿಲ್ಲ. ಸ್ವಲ್ಪ ಬಿಸಿಯಾಗಿ (ಬಿಸಿ ಎಂದರೂ ಸೊನ್ನೆಗಿಂತ ಇನ್ನೂರು ಡಿಗ್ರಿಗೂ ಕೆಳಗೆ) ಅದನ್ನು ಅವಕೆಂಪು ಕಿರಣಗಳಾಗಿ ಹೊರಬಿಡುತ್ತದೆ. ಅತಿ ದೂರದಿಂದ ಬರುವಾಗ ಅವು ಇನ್ನಷ್ಟು ಹಿಗ್ಗಿ, ಆಲ್ಮಾ ಹಿಡಿಯುವ ತರಂಗಗಳಾಗುತ್ತವೆ. ಗಾಳಿಯ ನೀರಾವಿ ಈ ತರಂಗಗಳನ್ನು ಹೀರಿಬಿಡುವುದರಿಂದಲೇ ಆಲ್ಮಾದ 66 ಆಂಟೆನಾಗಳು 5,000 ಮೀಟರ್ ಎತ್ತರದ ಒಣ ಬಯಲಿನಲ್ಲಿವೆ. ಮೇಲೆ ಹೋಗುವ ಮುನ್ನ ವೈದ್ಯರು ರಕ್ತದೊತ್ತಡ ನೋಡುತ್ತಾರೆ. ಜೊತೆಗೆ ಆಮ್ಲಜನಕದ ಸಿಲಿಂಡರ್. ನಿತ್ಯದ ಕೆಲಸ ಕೆಳಗೆ, 2,900 ಮೀಟರಿನಲ್ಲಿ. ಅಲ್ಲೂ ತುಟಿ ಒಡೆಯುವಷ್ಟು ಒಣಹವೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾಗಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಂದಿಗೆ ಮೇಲೇರಿದ ದೂರದರ್ಶಕ ಅತಿನೇರಳೆ ಬೆಳಕನ್ನು ನೋಡುತ್ತದೆ. ಧೂಳಿಗೆ ಹೆಚ್ಚು ತುತ್ತಾಗುವ ಬೆಳಕು ಅದೇ. ತಪ್ಪಿಸಿಕೊಂಡು ಬಂದ ಬೆಳಕು ಅದರ ಪಾಲಿಗೆ, ಧೂಳು ನುಂಗಿದ್ದು ನಮ್ಮ ಪಾಲಿಗೆ. ಎರಡನ್ನೂ ಕೂಡಿಸಿದರೇ ಲೆಕ್ಕ ಸರಿಹೋಗುವುದು. ಊರಿನಲ್ಲಿ ಭೌತವಿಜ್ಞಾನ ಓದುವ ಮಕ್ಕಳಿದ್ದರೆ ಹೇಳಿ: ಆಲ್ಮಾದ ದತ್ತಾಂಶ ಸಾಮಾನ್ಯವಾಗಿ ಒಂದು ವರ್ಷದ ನಂತರ ಯಾರಿಗಾದರೂ ಉಚಿತವಾಗಿ ಸಿಗುತ್ತದೆ.