ಮಳೆ ಲೆಕ್ಕದ ಆಪ್: ಈ ವಾರ ಬರೀ ಫೈಲ್ ಜೋಡಿಸಿದ್ದೇ ಆಯ್ತು

ಈ ವಾರ ಹೊಸದೇನೂ ಹಾಕಿಲ್ಲ. ಮಡಿಕೇರಿಲಿ ಮಳೆ ಬಿಡ್ತಾನೇ ಇಲ್ಲ, ಕರೆಂಟ್ ಇದ್ದಾಗೆಲ್ಲ ಕೂತು ಹಳೇ ಜಾವಾಸ್ಕ್ರಿಪ್ಟ್ ಕೋಡ್ ಬಿಚ್ಚಿ ಜೋಡಿಸಿದೆ.

ಯುಟಿಲ್ಸ್ ಅನ್ನೋ ಒಂದೇ ಫೈಲಿಗೆ ಎಲ್ಲಾ ತುರುಕಿದ್ದೆ, ತಾರೀಖು, ಕಾಫಿ ಚೀಲದ ಲೆಕ್ಕ, ಇಂಚನ್ನ ಮಿಲಿಮೀಟರ್ ಮಾಡೋದು. ಅಪ್ಪ ತೋಟದ ಡೈರೀಲಿ ಈಗ್ಲೂ 1 ಇಂಚು 20 ಸೆಂಟ್ ಅಂತಾನೇ ಬರೆಯೋದು, ಅಂದ್ರೆ 1.20 ಇಂಚು, 30.48 ಮಿ.ಮೀ. ಈ ಲೆಕ್ಕ ಮಳೆಗೆ ಸೇರಿದ್ದು, ಹಾಗಾಗಿ ಅದು ಮಳೆ ಫೋಲ್ಡರಲ್ಲೇ ಇರ್ಲಿ ಅಂತ ಅಲ್ಲಿಗೆ ಹಾಕಿದೆ. ಮಳೆ, ಕಾಫಿ, ಕೂಲಿ ಅಂತ ಮೂರು ಫೋಲ್ಡರ್, ಯುಟಿಲ್ಸ್ ಪೂರ್ತಿ ಡಿಲೀಟ್.

ಇದಕ್ಕೆಲ್ಲ ಕೈ ಹಾಕಿದ್ದೇ ಒಂದು ಬಗ್‌ನಿಂದ. ಮುಖ್ಯ ಫೈಲಲ್ಲಿ ಎರಡು ಇಂಪೋರ್ಟ್ ಸಾಲು (ಬೇರೆ ಫೈಲಿನ ಕೋಡ್ ತರಿಸ್ಕೊಳ್ಳೋ ಸಾಲು) ಮೇಲೆ ಕೆಳಗೆ ಮಾಡಿದೆ ಅಷ್ಟೇ, ಆಪ್ ಓಪನ್ನೇ ಆಗ್ಲಿಲ್ಲ, ರೆಫರೆನ್ಸ್ ಎರರ್, ಅಂದ್ರೆ ಇನ್ನೂ ಸಿಗದ ಹೆಸರನ್ನ ಬಳಸಿದ ತಪ್ಪು. ಎರಡು ರಾತ್ರಿ ಹುಡುಕಿದ್ಮೇಲೆ ಸಿಕ್ತು: ಮಳೆ ಫೈಲ್ ಯುಟಿಲ್ಸನ್ನ ಇಂಪೋರ್ಟ್ ಮಾಡುತ್ತೆ, ಯುಟಿಲ್ಸ್ ತಿರುಗಿ ಮಳೆ ಫೈಲಿಂದ ಒಂದು ಕಾನ್ಸ್ಟ್ (ಒಮ್ಮೆ ಮೌಲ್ಯ ಕೊಟ್ರೆ ಮತ್ತೆ ಬದಲಿಸೋಕಾಗದ ಹೆಸರು) ತಗೊಂಡು ಲೋಡ್ ಆಗೋವಾಗ್ಲೇ ಬಳಸುತ್ತೆ. ಮಳೆ ಫೈಲನ್ನ ಮೊದಲು ಕರೆದ್ರೆ ಅದಕ್ಕಿಂತ ಮುಂಚೆ ಯುಟಿಲ್ಸ್ ಓಡುತ್ತೆ, ಆಗ ಆ ಕಾನ್ಸ್ಟಿಗೆ ಮೌಲ್ಯನೇ ಬಂದಿರಲ್ಲ. ಅದೇ ಜಾಗದಲ್ಲಿ ಫಂಕ್ಷನ್ ಡಿಕ್ಲರೇಷನ್ ಇದ್ದಿದ್ರೆ ನಡೀತಿತ್ತು, ಅದು ಫೈಲ್ ಓಡೋ ಮುಂಚೆನೇ ಸಿದ್ಧ ಇರುತ್ತೆ, ಅದಕ್ಕೇ ಇಷ್ಟು ದಿನ ಬೇರೆ ಕಡೆ ಇದೇ ಥರ ಸುತ್ತು ಇದ್ರೂ ಗೊತ್ತಾಗಿರ್ಲಿಲ್ಲ. ಈಗ ಆ ಮೌಲ್ಯಗಳಿಗೇ ಒಂದು ಬೇರೆ ಫೈಲ್, ಅದು ಯಾರನ್ನೂ ಇಂಪೋರ್ಟ್ ಮಾಡೋ ಹಾಗಿಲ್ಲ. ಪುಟದ ಕೋಡ್ (ತೆರೆ ಮೇಲೆ ಕಾಣೋದನ್ನ ಮಾಡೋ ಭಾಗ) ಮಳೆ ಫೋಲ್ಡರನ್ನ ಕರೀಬಹುದು, ಮಳೆ ಫೋಲ್ಡರ್ ತಿರುಗಿ ಪುಟವನ್ನ ಕರೀಬಾರ್ದು.

ಡಿಫಾಲ್ಟ್ ಎಕ್ಸ್‌ಪೋರ್ಟೂ ತೆಗೆದೆ, ಅಂದ್ರೆ ತಗೊಳ್ಳೋ ಫೈಲ್ ತನಗೆ ಬೇಕಾದ ಹೆಸರಿಟ್ಕೊಳ್ಳೋ ಹಾಗೆ ಕೋಡ್ ಹೊರಗೆ ಕೊಡೋದು. ಒಂದೇ ಫಂಕ್ಷನ್ನಿಗೆ ಮೂರು ಫೈಲಲ್ಲಿ ಮೂರು ಹೆಸರು ಇಟ್ಕೊಂಡಿದ್ದೆ, ಹುಡುಕಿದ್ರೆ ಒಂದು ಸಿಕ್ರೆ ಇನ್ನೊಂದು ಸಿಗ್ತಿರ್ಲಿಲ್ಲ. ಹೆಸರಿಟ್ಟು ಎಕ್ಸ್‌ಪೋರ್ಟ್ ಮಾಡಿದ್ರೆ, ಇಲ್ಲದ ಹೆಸರು ಕೇಳಿದ ತಕ್ಷಣ, ಒಂದು ಸಾಲೂ ಓಡೋ ಮುಂಚೆನೇ ಎರರ್ ಬರುತ್ತೆ. ಗೂಗಲ್‌ನವ್ರ ಸ್ಟೈಲ್ ಗೈಡಲ್ಲಿ (ಕೋಡ್ ಹೇಗೆ ಬರೀಬೇಕು ಅನ್ನೋ ನಿಯಮಗಳು) ಡಿಫಾಲ್ಟ್ ಬೇಡ ಅಂತಾನೇ ಇದೆ, ಏರ್‌ಬಿಎನ್‌ಬಿಯವ್ರದ್ರಲ್ಲಿ ಫೈಲಲ್ಲಿ ಒಂದೇ ಎಕ್ಸ್‌ಪೋರ್ಟ್ ಇದ್ರೆ ಡಿಫಾಲ್ಟೇ ಇರ್ಲಿ ಅಂತಿತ್ತು. ನಂಗೆ ಮೊದಲ್ನೇದೇ ಸರಿ ಅನ್ಸುತ್ತೆ.

ಫೈಲ್ ಹೆಸರೆಲ್ಲ ಸಣ್ಣಕ್ಷರ, ನಡುವೆ ಅಡ್ಡಗೆರೆ. ವಿಂಡೋಸಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿದ್ರೂ ಓಡುತ್ತೆ, ಲಿನಕ್ಸ್ ಸರ್ವರಿಗೆ ಹಾಕಿದ್ರೆ ಫೈಲೇ ಇಲ್ಲ ಅನ್ನುತ್ತೆ.

ಉಳಿದಿದ್ದು ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಲೆಕ್ಕ, ಅದಿನ್ನೂ ಪುಟದ ಕೋಡೊಳಗೇ ಸಿಕ್ಕೊಂಡಿದೆ. ಮುಂದಿನ ಫೆಬ್ರವರಿಗೆ ರೊಬಸ್ಟಾ ಮೊಗ್ಗು ಮಳೆಗೆ ಕಾಯೋ ಹೊತ್ತಿಗೆ ಅದನ್ನೂ ಮಳೆ ಫೋಲ್ಡರಿಗೆ ತರ್ಬೇಕು.