ಅಪಾಚೆ ಕಣಿವೆಯ ಒರತೆ

ಕಾರು ನಿಲ್ಲಿಸಿ ಎರಡೂವರೆ ಕಿಲೋಮೀಟರು ನಡೀಬೇಕು ಅಂದಾಗ ಅಪ್ಪನಿಗೆ ಖುಷಿಯೇ ಆಯಿತು. "ಕೋಟೆ ಅಂದ್ಮೇಲೆ ಕಾಲಲ್ಲೇ ಹೋಗ್ಬೇಕಪ್ಪಾ" ಅಂದರು. ಚಿತ್ರದುರ್ಗದ ಸೀಮೆಯವರು, ಅವರಿಗೆ ಕೋಟೆ ಅಂದರೆ ಏಳು ಸುತ್ತಿನದು. ಅರಿಜೋನಾದ ಆಗ್ನೇಯ ಮೂಲೆಯ ಫೋರ್ಟ್ ಬೂಯಿಗೆ ಅಂಥ ಸುತ್ತುಗೋಡೆಯೇ ಇಲ್ಲ, ಇರುವುದು ಅಮೆರಿಕದ ಸೈನ್ಯದ ವಸತಿಯ ಅವಶೇಷ ಎಂದು ಮೊದಲೇ ಹೇಳಿದ್ದೆ.

ನವೆಂಬರಿನ ಬೆಳಿಗ್ಗೆ, ಎಳೆ ಬಿಸಿಲು. ದಾರಿಯುದ್ದಕ್ಕೂ ಅಪ್ಪ ಗಿಡಗಳನ್ನು ಗುರುತು ಹಿಡಿಯುತ್ತಲೇ ಬಂದರು. ಮೆಸ್ಕೀಟ್ ಮರ ಕಂಡದ್ದೇ "ಇದು ನಮ್ಮ ಬಳ್ಳಾರಿ ಜಾಲಿ ಕಣೋ!" ಅಂದರು. ಅದರ ಹತ್ತಿರದ ಸಂಬಂಧಿಯೇ ಅದು. ಅಗೇವ್ ನಮ್ಮ ಕತ್ತಾಳೆ. ಅದರ ಗಡ್ಡೆಯನ್ನು ಗುಂಡಿಯಲ್ಲಿ ಹೂತು ಬೇಯಿಸಿ ಇಲ್ಲಿನ ಮೂಲನಿವಾಸಿಗಳಾದ ಅಪಾಚೆಗಳು ತಿನ್ನುತ್ತಿದ್ದರು ಅಂದೆ. "ನಾವು ಬರೀ ನಾರು ತೆಗ್ದ್ವಲ್ಲ" ಎಂದು ಅಪ್ಪ ನಿಂತು ನೋಡಿದರು.

1858ರಲ್ಲಿ ಕಟ್ಟಿದ ಬಟರ್‌ಫೀಲ್ಡ್ ಅಂಚೆ ಗಾಡಿಗಳ ತಂಗುದಾಣದಲ್ಲಿ ಈಗ ಕಲ್ಲಿನ ತಳಪಾಯವಷ್ಟೇ ಉಳಿದಿದೆ. ಅದನ್ನು ದಾಟಿದರೆ ಸ್ಮಶಾನ. ಕೋಟೆ ಬಿಟ್ಟ ಮೇಲೆ, 1895ರಲ್ಲಿ, ಸೈನಿಕರ ಅವಶೇಷಗಳನ್ನು ತೆಗೆದು ಸ್ಯಾನ್ ಫ್ರಾನ್ಸಿಸ್ಕೋಗೆ ಸಾಗಿಸಿದರು. ಉಳಿದವರಲ್ಲಿ ಎರಡು ವರ್ಷದ ಕೂಸೊಂದಿದೆ: ಲಿಟಲ್ ರೋಬ್, ಸೈನ್ಯದ ವಿರುದ್ಧ ಹೋರಾಡಿದ ಅಪಾಚೆ ನಾಯಕ ಜೆರೊನಿಮೋನ ಮಗ, ತೀರಿಕೊಂಡದ್ದು 1885ರಲ್ಲಿ. ಬಿಳಿ ಬಣ್ಣದ ಮರದ ಹಲಗೆ, ಅದರ ಬುಡದಲ್ಲಿ ಯಾರೋ ಇಟ್ಟುಹೋದ ಪುಟ್ಟ ಆಟಿಕೆ ಕಾರು, ಒಂದಷ್ಟು ನಾಣ್ಯ. ಅಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು. ಮರುವರ್ಷ ಆ ಮಗುವಿನ ತಂದೆ ಶರಣಾದ. ಅವನನ್ನು ಇದೇ ಕೋಟೆಗೆ ಕರೆತಂದು, ಇಲ್ಲಿಂದ ಫ್ಲಾರಿಡಾದ ರೈಲು ಹತ್ತಿಸಿದರು. ಅವನ ಜನರನ್ನೆಲ್ಲ, ಸೈನ್ಯಕ್ಕೇ ದಾರಿ ತೋರಿಸಿದ್ದ ಅಪಾಚೆಗಳನ್ನೂ ಬಿಡದೆ, ಗಡಿಪಾರು ಮಾಡಿದರು. 27 ವರ್ಷ ಅವರು ಯುದ್ಧಕೈದಿಗಳಾಗಿದ್ದರು. ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು.

ಮುಂದೆ ಮರಗಳು ಒತ್ತಾದವು, ಗಾಳಿ ತಣ್ಣಗಾಯಿತು. ಅಪಾಚೆ ಸ್ಪ್ರಿಂಗ್. ಕಲ್ಲುಗಳ ಸಂದಿಯಿಂದ ಕಿರುಬೆರಳು ದಪ್ಪದ ನೀರು. ನಮ್ಮ ಕಡೆ ಇದಕ್ಕೆ ಒರತೆ ಅನ್ನುತ್ತೇವೆ. ಸುತ್ತಲಿನ ಒಣ ಸೀಮೆಯಲ್ಲಿ ನಂಬಬಹುದಾದ ನೀರು ಇದು, ಆದ್ದರಿಂದಲೇ ಅಂಚೆ ಗಾಡಿ ಈ ಕಣಿವೆ ಹಿಡಿದದ್ದು. 1861ರಲ್ಲಿ ಬಾಸ್ಕಮ್ ಎಂಬ ಎಳೆಯ ಅಧಿಕಾರಿ, ಕಾಣೆಯಾದ ಹುಡುಗನೊಬ್ಬನ ಅಪಹರಣದ ಆರೋಪ ಹೊರಿಸಿ, ಮಾತುಕತೆಗೆ ಬಂದಿದ್ದ ಅಪಾಚೆ ಮುಖಂಡ ಕೊಚೀಸ್‌ನನ್ನು ಹಿಡಿಯಹೋದ. ಕೊಚೀಸ್ ಗುಡಾರ ಸೀಳಿಕೊಂಡು ಪಾರಾದ. ಎರಡೂ ಕಡೆ ಒತ್ತೆಯಾಳುಗಳು ಸತ್ತರು, ಹತ್ತು ವರ್ಷ ದಾಟಿದ ಯುದ್ಧ ಹೊತ್ತಿಕೊಂಡಿತು. ಮರುವರ್ಷ ಜುಲೈನಲ್ಲಿ ಬಾಯಾರಿ ಬಂದ ಕ್ಯಾಲಿಫೋರ್ನಿಯಾ ಪಡೆ ಅಪಾಚೆಗಳ ಮೇಲೆ ಫಿರಂಗಿ ಹಾರಿಸಿ ಈ ನೀರು ಮುಟ್ಟಿತು. ಅದೇ ತಿಂಗಳು ಕೋಟೆ ಶುರುವಾದದ್ದು ಈ ಒರತೆಯ ಕಾವಲಿಗೆ.

"ಇಷ್ಟೇ ನೀರಿಗಾ?" ಅಂದರು ಅಪ್ಪ. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತ ಮನುಷ್ಯ ಅವರು, ಆ ಪ್ರಶ್ನೆಗೆ ಉತ್ತರವನ್ನು ನನ್ನಿಂದ ಕೇಳಬೇಕಿರಲಿಲ್ಲ.

ಮೇಲಿನ ಬಯಲಲ್ಲಿ ಧ್ವಜಸ್ತಂಭ, ಸುತ್ತ ಹಸಿ ಇಟ್ಟಿಗೆಯ ಮೋಟುಗೋಡೆಗಳು. ಕರಗದಿರಲಿ ಎಂದು ಸುಣ್ಣದ ಗಾರೆ ಬಳಿದಿದ್ದಾರೆ. ಅಲ್ಲೊಂದು ಇಲ್ಲೊಂದು ಗೋಡೆಯಲ್ಲಿ ಕಿಟಕಿಯ ಕಂಡಿ ಹಾಗೇ ಇದೆ. ಸೈನ್ಯ 1894ರಲ್ಲಿ ಖಾಲಿ ಮಾಡಿದ್ದು. ನಮ್ಮ ಹಳೇ ಮನೆಯ ಮಣ್ಣಿನ ಗೋಡೆಯೂ ಮಾಳಿಗೆ ಕುಸಿದ ಮೇಲೆ ಮಳೆಗೆ ಹೀಗೇ ಅಂಚು ದುಂಡಗಾಗಿ ಕುಗ್ಗಿತ್ತು. ಅಪ್ಪ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ವಾಪಸ್ಸು ಬರಲು ಗುಡ್ಡದ ಏಣಿನ ಮೇಲೆ ಬೇರೆ ದಾರಿಯಿದೆ, ನೋಟ ಚೆನ್ನಾಗಿದೆ ಅಂದೆ. ಅಪ್ಪ ಒಪ್ಪಲಿಲ್ಲ. ಒರತೆಯ ಕಡೆಯೇ ಇಳಿದು ಕಲ್ಲಿನ ಮೇಲೆ ಕೂತರು. ನೀರಿನ ಸದ್ದು ಕೇಳಬೇಕಾದರೆ ಮಾತು ನಿಲ್ಲಿಸಬೇಕಿತ್ತು. ನಿಲ್ಲಿಸಿದೆವು.