ಕೋಚ್ ಕೂಗಿದಾಗ ನಾನು ಏನು ಮಾಡುತ್ತೇನೆ

ಕೋಚ್‌ಗೆ ಸಿಟ್ಟು ಬರುವುದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಬೆಳಗಿನ ಜಾವ ಎದ್ದು, ನಿದ್ದೆಗಣ್ಣಿನ ಹುಡುಗರನ್ನು ಗ್ರೌಂಡಿಗೆ ಸೇರಿಸಿ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸಿರುತ್ತಾರೆ. ನಾನು ಊದಿದ ಒಂದು ವಿಸಿಲ್‌ಗೆ ಅವರ ಮುಖ್ಯ ಆಟಗಾರ ಐದನೇ ಫೌಲ್ ಆಗಿ ಹೊರಗೆ ಹೋದರೆ ಯಾರಿಗೆ ತಾನೇ ಹೊಟ್ಟೆ ಉರಿಯಲ್ಲ? ದಾವಣಗೆರೆ, ಚಿತ್ರದುರ್ಗದ ಕಡೆ ಶಾಲಾ ಕಾಲೇಜು ಬಾಸ್ಕೆಟ್‌ಬಾಲ್ ಮ್ಯಾಚ್‌ಗಳಿಗೆ ನಾನು ರೆಫರಿ ಆಗಿ ಹೋಗುತ್ತೇನೆ. ಉಳಿದ ದಿನ ನಾನೂ ಒಬ್ಬ ಪಿ.ಟಿ. ಟೀಚರ್. ಹಾಗಾಗಿ ಬೆಂಚಿನ ಕಡೆಯ ಸಂಕಟವೂ ಗೊತ್ತು.

ನಮ್ಮ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, "ಅಷ್ಟು ಜನರ ಮುಂದೆ ಬೈತಾರಲ್ರೀ, ಹೆಂಗ್ರೀ ಸುಮ್ನೆ ಇರ್ತೀರಿ?" ಅಂತ. ನಾನು ಸುಮ್ನೆ ಇರುವುದಿಲ್ಲ. ದೂರದಿಂದ ನೋಡುವವರಿಗೆ ಹಾಗೆ ಕಾಣುತ್ತದೆ ಅಷ್ಟೇ.

ಕೆಲಸ ಶುರುವಾಗುವುದು ಮ್ಯಾಚಿಗೆ ಮುಂಚೆ. ಆಟಕ್ಕೆ 20 ನಿಮಿಷ ಮೊದಲೇ ನಾವು ಕೋರ್ಟಿನಲ್ಲಿ ಇರಬೇಕು. ನಮ್ಮ ಕಡೆಯ ಎಷ್ಟೋ ಸಿಮೆಂಟ್ ಕೋರ್ಟ್‌ಗಳಲ್ಲಿ ಟೀಮ್ ಬೆಂಚಿನ ಗೆರೆಯೇ ಇರುವುದಿಲ್ಲ. ನಿಯಮದ ಪ್ರಕಾರ ಎಂಡ್ ಲೈನಿನ ನೇರಕ್ಕೆ ಒಂದು, ಸೆಂಟರ್ ಲೈನಿನಿಂದ 5 ಮೀಟರ್ ದೂರಕ್ಕೆ ಇನ್ನೊಂದು, 2 ಮೀಟರ್ ಉದ್ದದ ಗೆರೆ ಬೇಕು. ಕೋಚ್ ಆ ಎರಡು ಗೆರೆಗಳ ನಡುವೆ ನಿಂತು ಎಷ್ಟು ಬೇಕಾದರೂ ಕೂಗಿ ತನ್ನ ಹುಡುಗರಿಗೆ ಹೇಳಿಕೊಡಬಹುದು. ಗೆರೆ ಇಲ್ಲದಿದ್ದರೆ ನಾನೇ ಸುಣ್ಣದ ಪುಡಿ ಹಾಕುತ್ತೇನೆ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಗೆರೆಯೇ ಇಲ್ಲದ ಕಡೆ "ಗೆರೆ ದಾಟಿದಿರಿ" ಅಂತ ಯಾವ ಬಾಯಲ್ಲಿ ಹೇಳುವುದು? 10 ನಿಮಿಷ ಇರುವಾಗ ಇಬ್ಬರು ಕೋಚ್‌ಗಳೂ ಸ್ಕೋರ್‌ಶೀಟಿಗೆ ಸಹಿ ಹಾಕಲು ಬರುತ್ತಾರೆ. ಆಗ ಇಬ್ಬರಿಗೂ ನಮಸ್ಕಾರ ಹೇಳಿ ಗೆರೆ ತೋರಿಸುತ್ತೇನೆ. ಒಬ್ಬರ ಹತ್ತಿರ ಜಾಸ್ತಿ ಮಾತಾಡಿದರೆ ಇನ್ನೊಬ್ಬರು ನೋಡುತ್ತಾ ಇರುತ್ತಾರೆ, ಅದಕ್ಕೆ ಮಾತು ಅಲ್ಲಿಗೇ ನಿಲ್ಲಿಸುತ್ತೇನೆ.

ಆಟ ಶುರುವಾದ ಮೇಲೆ ನಾನು ಕೇಳಿಸಿಕೊಳ್ಳುವುದು ದನಿಯ ಜೋರನ್ನಲ್ಲ, ಅದರಲ್ಲಿ ಪ್ರಶ್ನೆ ಇದೆಯಾ ಅಂತ. "ಅದ್ಯಾಕೆ ಬ್ಲಾಕ್ ಮೇಡಂ?" ಅನ್ನುವುದು ಪ್ರಶ್ನೆ. ಬ್ಲಾಕ್ ಅಂದರೆ ಡಿಫೆಂಡರ್ ಎದುರಾಳಿಯ ದಾರಿಗೆ ತಪ್ಪಾಗಿ ಅಡ್ಡ ಬಂದ ಫೌಲ್. ರೂಲ್ ಬುಕ್ ಪ್ರಕಾರ ರೆಫರಿಯ ಹತ್ತಿರ ವಿವರ ಕೇಳಬೇಕಾದವರು ಕ್ಯಾಪ್ಟನ್, ಅದೂ ಆಟ ನಿಂತಿರುವಾಗ, ಮರ್ಯಾದೆಯಿಂದ. ಹಾಗಂತ ಐವತ್ತು ದಾಟಿದ ಹಿರಿಯರಿಗೆ "ಕ್ಯಾಪ್ಟನ್‌ನ ಕಳಿಸಿ ಸರ್" ಅಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಆ ಕಡೆ ದಾಟಿ ಹೋಗುವಾಗ ಒಂದೇ ಮಾತು ಹೇಳುತ್ತೇನೆ, "ಡಿಫೆಂಡರ್ ಆಮೇಲೆ ಅಡ್ಡ ಬಂದ ಸರ್." ನಿಂತು ವಾದ ಮಾಡುವುದಿಲ್ಲ.

ಸನ್ನೆಯೂ ಉತ್ತರವೇ. ಟೇಬಲ್ ಕಡೆ ತಿರುಗಿ ಆಟಗಾರನ ನಂಬರ್ ಬೆರಳಲ್ಲಿ ತೋರಿಸಿ, ಸೊಂಟದ ಮೇಲೆ ಎರಡೂ ಕೈ ಇಟ್ಟರೆ ಬ್ಲಾಕಿಂಗ್. ಮುಷ್ಟಿಯನ್ನು ಅಂಗೈಗೆ ಹೊಡೆದರೆ ಚಾರ್ಜಿಂಗ್, ಅಂದರೆ ಜಾಗ ಹಿಡಿದ ಡಿಫೆಂಡರ್‌ಗೆ ಬಾಲ್ ಇರುವವನೇ ಹೋಗಿ ಗುದ್ದಿದ ಫೌಲ್. ಇದನ್ನು ಅವಸರದಲ್ಲಿ ಕೈ ಬೀಸಿ ಮುಗಿಸಿದರೆ, ಏನಾಯಿತು ಅಂತಲೇ ಗೊತ್ತಾಗದೆ ಕೋಚ್ ಕೂಗುತ್ತಾರೆ. ಚಾರ್ಜಿಂಗ್ ಕೊಟ್ಟಾಗಲೆಲ್ಲ "ಅವನ ಕಾಲು ಅಲ್ಲಾಡ್ತಿತ್ತಲ್ರೀ!" ಅನ್ನುವ ಕೂಗು ಬಂದೇ ಬರುತ್ತದೆ. ಡಿಫೆಂಡರ್ ಕಲ್ಲಿನ ಹಾಗೆ ನಿಲ್ಲಬೇಕಿಲ್ಲ. ಎರಡೂ ಕಾಲು ನೆಲದಲ್ಲಿಟ್ಟು, ಎದುರಾಳಿಗೆ ಮುಖ ಕೊಟ್ಟು ಒಮ್ಮೆ ಜಾಗ ಹಿಡಿದರೆ ಸಾಕು. ಆಮೇಲೆ ಆ ಜಾಗ ಉಳಿಸಿಕೊಳ್ಳಲು ಪಕ್ಕಕ್ಕೆ, ಹಿಂದಕ್ಕೆ ಸರಿಯಬಹುದು.

ಇನ್ನು ಟ್ರಾವೆಲ್, ಅಂದರೆ ಬಾಲ್ ಹಿಡಿದು ಲೆಕ್ಕಕ್ಕಿಂತ ಜಾಸ್ತಿ ಹೆಜ್ಜೆ ಹಾಕುವ ತಪ್ಪು. ಹೋದ ವರ್ಷ ಚಿತ್ರದುರ್ಗದಲ್ಲಿ ಪಿಯು ಹುಡುಗರ ಮ್ಯಾಚ್ ಇತ್ತು. ಮಳೆಗಾಲದಲ್ಲಿ ಅಲ್ಲಿನ ಗಾಳಿ ಹೇಗಿರುತ್ತದೆ ಅಂತ ಆ ಊರಿನವರಿಗೆ ಹೇಳಬೇಕಿಲ್ಲ. ದೂರದಿಂದ ಎಸೆದ ಬಾಲ್ ಅರ್ಧ ದಾರಿಯಲ್ಲೇ ವಾಲುತ್ತಿತ್ತು. ಒಂದು ಬೆಂಚಿನಲ್ಲಿ ಇದ್ದವರು ನಾನು ಹೈಸ್ಕೂಲಿನಲ್ಲಿದ್ದಾಗ ನನಗೆ ಲೇ-ಅಪ್ (ಓಡುತ್ತಾ ಹೋಗಿ ಹತ್ತಿರದಿಂದ ಬಾಸ್ಕೆಟ್ ಹಾಕುವುದು) ಹೆಜ್ಜೆ ಹೇಳಿಕೊಟ್ಟ ಸರ್. ಎದುರು ತಂಡದ ಹುಡುಗ ಓಡುತ್ತಾ ಬಾಲ್ ಹಿಡಿದು, ಹೆಜ್ಜೆ ಹಾಕಿ ಬಾಸ್ಕೆಟ್ ಮಾಡಿದ. ನಾನು ವಿಸಿಲ್ ಹಾಕಲಿಲ್ಲ.

"ಮೂರು ಹೆಜ್ಜೆ ಹಾಕಿದ್ನಲ್ಲವ್ವಾ! ಕಾಣಲಿಲ್ವಾ?"

"ಜೀರೋ ಸ್ಟೆಪ್ ಸರ್. ಆಮೇಲೆ ಎರಡು."

ಅವರಿಗೆ ಒಪ್ಪಿಗೆ ಆಗಲಿಲ್ಲ. ಮೂರನೇ ಕ್ವಾರ್ಟರ್ ಪೂರ್ತಿ ಅದೇ ಮಾತು. ಕೊನೆಯ ಕ್ವಾರ್ಟರಿನಲ್ಲಿ ಇನ್ನೊಂದು ಅಂಥದ್ದೇ ಬಾಸ್ಕೆಟ್ ಆದಾಗ ಸುಣ್ಣದ ಗೆರೆ ದಾಟಿ ಕೋರ್ಟಿನೊಳಗೇ ಬಂದರು. "ಎಷ್ಟು ತಗೊಂಡಿದೀರಿ ಅವರ ಹತ್ರ?" ಅಂದರು. ಇದರಲ್ಲಿ ಪ್ರಶ್ನೆ ಇರಲಿಲ್ಲ. ವಿಸಿಲ್ ಹಾಕಿ, ಎರಡು ಕೈಯಲ್ಲಿ 'ಟಿ' ತೋರಿಸಿ (ಟೆಕ್ನಿಕಲ್ ಫೌಲ್, ಕೆಟ್ಟ ನಡವಳಿಕೆಗೆ ಕೊಡುವುದು), ಟೇಬಲಿಗೆ ಹೇಳಿ, ಅಲ್ಲಿಂದ ದೂರ ನಡೆದೆ. ಟೆಕ್ನಿಕಲ್ ಕೊಟ್ಟ ಮೇಲೆ ಅವರ ಎದುರಿಗೇ ನಿಂತರೆ ಎರಡನೆಯದನ್ನು ನಾವೇ ಕರೆದ ಹಾಗಾಗುತ್ತದೆ. ನನ್ನ ಜೊತೆಯ ರೆಫರಿ ಬಂದು ಮೆಲ್ಲಗೆ ಸರ್ ಅವರನ್ನು ಬೆಂಚಿಗೆ ಕರೆದುಕೊಂಡು ಹೋದರು. ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ಅದಾದ ಮೇಲೆ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು.

ಗುರುಗಳಿಗೆ ಹೇಗೆ ಟೆಕ್ನಿಕಲ್ ಕೊಟ್ಟಿರಿ ಅಂತ ಆಮೇಲೆ ಕೆಲವರು ಕೇಳಿದರು. ಅವರು ಬೆಂಚಿನಲ್ಲಿ ಇರುವಷ್ಟು ಹೊತ್ತು ನನಗೆ ಕೋಚ್. ಅದೇ ಮಾತನ್ನು ಎದುರು ಬೆಂಚಿನ ಚಿಕ್ಕ ವಯಸ್ಸಿನ ಕೋಚ್ ಆಡಿದ್ದರೆ ನಾನು ಬಿಡುತ್ತಿದ್ದೆನಾ? ಇಲ್ಲವಲ್ಲ.

ಎರಡನೇ ಟೆಕ್ನಿಕಲ್ ಕೊಡುವ ಮುಂಚೆ ಮಾತ್ರ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತದೆ. ಕೋಚ್ ಸ್ವತಃ ಕೆಟ್ಟದಾಗಿ ನಡೆದುಕೊಂಡರೆ ಸ್ಕೋರ್‌ಶೀಟಿನಲ್ಲಿ 'ಸಿ' ಬರೆಯುತ್ತಾರೆ, ಬೆಂಚಿನ ಬೇರೆಯವರು ಮಾಡಿದ್ದಕ್ಕೆ 'ಬಿ', ಅದೂ ಕೋಚ್ ಹೆಸರಿಗೇ. ಎರಡು 'ಸಿ' ಆದರೆ, ಅಥವಾ ಎಲ್ಲ ಸೇರಿ ಮೂರಾದರೆ ಕೋಚ್ ಹೊರಗೆ. ಅವರ ಜಾಗಕ್ಕೆ ಸಹಾಯಕ ಕೋಚ್ ಬರಬೇಕು. ನಮ್ಮ ಎಷ್ಟೋ ಶಾಲೆ ಕಾಲೇಜುಗಳಿಂದ ತಂಡದ ಜೊತೆ ಬರುವುದು ಒಬ್ಬರೇ. ಆಗ ಕ್ಯಾಪ್ಟನ್ನೇ ಕೋಚ್ ಕೂಡ ಆಗಬೇಕಾಗುತ್ತದೆ. ಹದಿನೇಳು ವರ್ಷದ ಹುಡುಗ ಆಡುತ್ತಲೇ ಟೈಮ್‌ಔಟ್ ಕೇಳಬೇಕು, ಯಾರನ್ನು ಬದಲಾಯಿಸಬೇಕು ಅಂತ ನೋಡಬೇಕು, ಸೋತರೆ ಕಾಲೇಜಿಗೆ ಉತ್ತರವನ್ನೂ ಹೇಳಬೇಕು. ಎರಡನೆಯದು ಕೊಡಲೇಬೇಕಾಗಿ ಬಂದರೆ ಕೊಡುತ್ತೇನೆ. ಆದರೆ ಅಲ್ಲಿಯವರೆಗೆ ಹೋಗದಂತೆ ತಡೆಯಲು ನನ್ನಿಂದ ಆಗುವುದನ್ನೆಲ್ಲ ಮಾಡುತ್ತೇನೆ. ಆಟ ನಿಂತಾಗ ಬೆಂಚಿನ ಹತ್ತಿರ ಹೋಗಿ, ಪ್ರೇಕ್ಷಕರಿಗೆ ಕೇಳದ ಹಾಗೆ, "ಸರ್, ಹುಡುಗರಿಗೆ ನೀವು ಬೇಕು" ಅಂತ ಹೇಳುತ್ತೇನೆ. ಆವತ್ತೂ ಅದನ್ನೇ ಹೇಳಿದೆ. ಅವರು ಕೂತರು.

ಒಂದು ಕೆಲಸವನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಕೋಚ್ ಕೂಗಿದರು ಅಂತ ಮುಂದಿನ ವಿಸಿಲ್ ಅವರ ಪರ ಕೊಡುವುದು. ಅಥವಾ ಕೂಗಿದರು ಅಂತಲೇ ಅವರ ತಂಡಕ್ಕೆ ಬಿಗಿ ಮಾಡುವುದು. ಎರಡರಲ್ಲೂ ಏಟು ಬೀಳುವುದು ಹುಡುಗರಿಗೆ.

ಮ್ಯಾಚ್ ಮುಗಿದ ಮೇಲೆ ಸರ್ ಬಂದರು. ಇನ್ನೂ ಸಿಟ್ಟಿತ್ತು. ಪ್ರೊಟೆಸ್ಟ್ ಮಾಡುವುದಿದ್ದರೆ 15 ನಿಮಿಷದೊಳಗೆ ಕ್ಯಾಪ್ಟನ್ ತಿಳಿಸಿ ಸ್ಕೋರ್‌ಶೀಟಿಗೆ ಸಹಿ ಹಾಕಬಹುದು ಅಂದೆ. ಬೇಡ ಅಂದರು. "ಆ ಜೀರೋ ಏನದು, ತೋರ್ಸು" ಅಂದರು. ಬಾಲ್ ತಗೊಂಡು ನಡೆದು ತೋರಿಸಿದೆ. ಓಡುತ್ತಾ ಬಾಲ್ ಕೈಗೆ ಸಿಕ್ಕಾಗ ನೆಲದ ಮೇಲೆ ಇರುವ ಕಾಲು ಲೆಕ್ಕಕ್ಕಿಲ್ಲ. ಅದರ ನಂತರದ ಹೆಜ್ಜೆ ಒಂದು, ಆಮೇಲಿನದು ಎರಡು. ಅವರೂ ಬಾಲ್ ಇಸಕೊಂಡು ಹಾಕಿ ನೋಡಿದರು.

"ಯಾವಾಗಿಂದ ಇದು?"

"2017ರ ಅಕ್ಟೋಬರಿಂದ ಸರ್."

"ನಮಗ್ಯಾರು ಹೇಳಿದ್ರವ್ವಾ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ್ದು ನ್ಯಾಯ. ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ರೂಲ್ ಬುಕ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಇಂಗ್ಲಿಷಿನಲ್ಲಿ. ರೆಫರಿಗಳಿಗೆ ಹೊಸ ನಿಯಮ ಕ್ಲಿನಿಕ್‌ನಲ್ಲಿ, ಅಂದರೆ ತರಬೇತಿ ಶಿಬಿರದಲ್ಲಿ ಗೊತ್ತಾಗುತ್ತದೆ. ಆಟೋಟದ ಜೊತೆ ಪರೇಡು, ಪರೀಕ್ಷೆ, ವಾರ್ಷಿಕೋತ್ಸವ ಎಲ್ಲ ನೋಡಿಕೊಳ್ಳುವ ಪಿ.ಟಿ. ಮಾಸ್ತರರಿಗೆ ಯಾರು ಹೇಳುತ್ತಾರೆ? ಬೆಂಚಿನಿಂದ ನಾನು ಕೇಳುವ ಕೂಗಿನಲ್ಲಿ ಎಷ್ಟೋ ಪಾಲು ಹಳೆಯ ನಿಯಮದ ಕೂಗು.

ಅದಕ್ಕೇ ಎರಡು ಕೋರಿಕೆ. ಟೂರ್ನಮೆಂಟ್ ನಡೆಸುವವರು ಹಿಂದಿನ ದಿನ ಸಂಜೆ ಒಂದು ಗಂಟೆ ಕೋಚ್‌ಗಳನ್ನೂ ರೆಫರಿಗಳನ್ನೂ ಒಟ್ಟಿಗೆ ಕೋರ್ಟಿಗೆ ಕರೆಯಿರಿ. ನಾನು ಬಂದು ಕನ್ನಡದಲ್ಲೇ ಹೇಳಿಕೊಡುತ್ತೇನೆ, ದುಡ್ಡೇನೂ ಬೇಡ. ಇನ್ನೊಂದು, ಕಾಲೇಜಿನವರು ತಂಡದ ಜೊತೆ ಇನ್ನೊಬ್ಬ ಮೇಷ್ಟ್ರನ್ನು ಕಳಿಸಿ, ಸ್ಕೋರ್‌ಶೀಟಿನಲ್ಲಿ ಸಹಾಯಕ ಕೋಚ್ ಅಂತ ಅವರ ಹೆಸರು ಬರೆಸಿ.